ಪಟ್ಟದ ಬೊಂಬೆಯ ವಂಶಾವಳಿ

ನವರಾತ್ರಿಯಲ್ಲಿ ಬೊಂಬೆಗಳನ್ನು ಕೂರಿಸುವ ಪದ್ಧತಿಯುಳ್ಳ ಮನೆಗಳಲ್ಲಿ ಒಂದು ನಿಯಮವುಂಟು. ಪ್ರತಿ ವರ್ಷವೂ ಒಂದಾದರೂ ಹೊಸ ಬೊಂಬೆ ಸಾಲಿಗೆ ಸೇರಬೇಕು. ಮನೆಯಲ್ಲಿ ಎಷ್ಟೇ ಅನಾನುಕೂಲವಿರಲಿ, ಅಂಗೈಯಗಲದ ಒಂದು ಮಣ್ಣಿನ ಗಿಣಿಯನ್ನಾದರೂ ತಂದು ಮೆಟ್ಟಿಲ ಮೇಲೆ ಇರಿಸಿದಲ್ಲದೆ ಗೃಹಿಣಿಗೆ ಸಮಾಧಾನವಾಗದು. ಚಾಮರಾಜನಗರ ಮತ್ತು ಗುಂಡ್ಲುಪೇಟೆಯ ಇಂತಹ ಮನೆಗಳಿಗೆ ಆ ಹೊಸ ಬೊಂಬೆ ದೊರೆಯುವ ಸ್ಥಳ ಮೈಸೂರು. ಭಾದ್ರಪದ ಬಹುಳ ಪಕ್ಷವು ಪಿತೃಗಳಿಗೆ ಸಲ್ಲುವ ಕಾಲವಾದುದರಿಂದ ಆಗ ಹೊಸ ವಸ್ತುವನ್ನು ಕೊಳ್ಳಲು ಹಲವರು ಒಪ್ಪುವುದಿಲ್ಲ. ಆದಕಾರಣ ಗೌರೀಗಣೇಶರ ಹಬ್ಬ ಮುಗಿಯುತ್ತಲೇ ಕೆಲವರು, ಮಹಾಲಯ ಅಮಾವಾಸ್ಯೆ ಕಳೆದ ಕೂಡಲೆ ಕೆಲವರು, ಮಕ್ಕಳನ್ನು ಮುಂದಿಟ್ಟುಕೊಂಡು ಬೊಂಬೆಯ ಅಂಗಡಿಗೆ ಹೊರಡುವರು. ನೋಡುವವರಿಗೆ ಇದು ಹಬ್ಬದ ಸಾಮಾನು ತರುವ ಸಣ್ಣ ಕೆಲಸದಂತೆ ಕಾಣುವುದು. ಆದರೆ ಈ ಸಣ್ಣ ಕೆಲಸದಲ್ಲಿ ನಮ್ಮ ಸೀಮೆಯ ಚರಿತ್ರೆಯ ಒಂದು ಭಾಗ ಅಡಗಿದೆ. ಅದೂ ಶಾಸನಗಳಲ್ಲಿ ದೊರೆಯದ ಭಾಗ.

ಬೊಂಬೆಗೆ ಅಮರಕೋಶದಲ್ಲಿ ಕೊಟ್ಟಿರುವ ಹೆಸರುಗಳು ಎರಡು: ಪಾಂಚಾಲಿಕೆ ಮತ್ತು ಪುತ್ರಿಕೆ. ಬಟ್ಟೆ ದಂತ ಮೊದಲಾದವುಗಳಿಂದ ಮಾಡಿದ್ದೆಂದು ಕೋಶಕಾರನು ವಿವರಿಸಿರುವನು. ಪುತ್ರಿಕೆಯೆಂದರೆ ಚಿಕ್ಕ ಮಗಳೆಂದೂ ಅರ್ಥವಾಗುವುದು. ಮಗಳಿಗೂ ಬೊಂಬೆಗೂ ಒಂದೇ ಮಾತು ಸಂದಿರುವುದು ಆಕಸ್ಮಿಕವಲ್ಲವೆಂಬುದು ಮುಂದೆ ತಿಳಿದೀತು. ಮಹಾಭಾರತದ ವಿರಾಟಪರ್ವದಲ್ಲಿ ಕೌರವರ ಸೇನೆಯ ಮೇಲೆ ಹೊರಟ ಬೃಹನ್ನಳೆಯನ್ನು ಉತ್ತರೆಯೂ ಅವಳ ಗೆಳತಿಯರೂ ಬೇಡಿದ್ದು ರತ್ನಗಳನ್ನಲ್ಲ, ತಮ್ಮ ಬೊಂಬೆಗಳಿಗೆ ಉಡಿಸಲು ಬಣ್ಣಬಣ್ಣದ ನಯವಾದ ಬಟ್ಟೆಗಳನ್ನು. ಭೀಷ್ಮದ್ರೋಣಾದಿಗಳನ್ನು ಎದುರಿಸಿದ ಸವ್ಯಸಾಚಿಯು ಆ ಮಾತನ್ನು ಮರೆಯದೆ, ಮೂರ್ಛಿತರಾದ ಕೌರವ ವೀರರ ಉತ್ತರೀಯಗಳನ್ನು ತರಿಸಿ ಆ ಹುಡುಗಿಗೆ ಕೊಟ್ಟನು. ಊರಿನಿಂದ ಹೊರಟವರಿಗೆ ಮನೆಯ ಹೆಣ್ಣುಮಗಳು ಬೊಂಬೆಯ ವಿಚಾರವನ್ನು ನೆನಪಿಸುವ ವಾಡಿಕೆ ಎಷ್ಟು ಹಳೆಯದೆಂಬುದು ಇದರಿಂದ ಸ್ಪಷ್ಟ. ಇಂದಿಗೂ ಸೀರೆಯ ಅಂಚಿನ ತುಂಡುಗಳನ್ನೂ ರವಿಕೆಯ ಕಣದಲ್ಲಿ ಉಳಿದ ಚೂರುಗಳನ್ನೂ ಪಟ್ಟದ ಬೊಂಬೆಗೆಂದು ತೆಗೆದಿರಿಸುವ ಮುದುಕಿಯರು ಉತ್ತರೆಯ ಸಂತತಿಯವರೇ ಸರಿ.

ದೇವೀಪೂಜೆ, ಕಲಶಸ್ಥಾಪನೆ, ಸರಸ್ವತೀಪೂಜೆ, ಆಯುಧಪೂಜೆ ಇವುಗಳಿಗೆ ಗ್ರಂಥಾಧಾರವುಂಟು. ಬೊಂಬೆಗಳನ್ನು ಕೂರಿಸುವುದು ಅದಕ್ಕೆ ಸೇರಿದ್ದಲ್ಲ. ಅದು ಮನೆಯ ಆಚಾರ. ಹಾಗೆಂದು ಅದನ್ನು ಕಡೆಗಣಿಸುವುದು ತಕ್ಕುದಲ್ಲ. ಆಪಸ್ತಂಬ ಮಹರ್ಷಿಯು ತನ್ನ ಧರ್ಮಸೂತ್ರದ ಕೊನೆಯಲ್ಲಿ, ಗ್ರಂಥದಲ್ಲಿ ಹೇಳದೆ ಉಳಿದ ಧರ್ಮಗಳನ್ನು ಸ್ತ್ರೀಯರಿಂದಲೂ ಎಲ್ಲ ವರ್ಣದವರಿಂದಲೂ ಅರಿಯಬೇಕೆಂಬ ಕೆಲವರ ಮತವನ್ನು ಆದರದಿಂದ ಎತ್ತಿ ಹೇಳಿರುವನು. ಮೆಟ್ಟಿಲುಗಳು ಮೂರೋ ಐದೋ ಏಳೋ ಒಂಬತ್ತೋ ಆಗಿ ಬೆಸಸಂಖ್ಯೆಯಲ್ಲಿರಬೇಕು. ಪಟ್ಟದ ಜೋಡಿ ಮೇಲೆ, ದೇವತೆಗಳು ಅದರ ಆಸುಪಾಸಿನಲ್ಲಿ, ಲೋಕವ್ಯವಹಾರದ ಬೊಂಬೆಗಳು ಕೆಳಗೆ. ನೋಡಲು ಬಂದ ಮಕ್ಕಳಿಗೆ ಬೊಂಬೆಯ ಬಾಗಿನವೆಂದು ತಿಂಡಿ ಕೊಡಬೇಕು. ವಿಜಯದಶಮಿಯ ರಾತ್ರಿ ಬೊಂಬೆಗಳನ್ನು ಮಲಗಿಸಬೇಕು. ಈ ವಿಧಿಗಳೆಲ್ಲವೂ ಅತ್ತೆಯಿಂದ ಸೊಸೆಗೆ, ತಾಯಿಯಿಂದ ಮಗಳಿಗೆ ಬಾಯಿಮಾತಿನಲ್ಲಿ ಬಂದ ಧರ್ಮಶೇಷ.

ಈ ಪದ್ಧತಿಯು ಮೈಸೂರು ಅರಮನೆಯಲ್ಲಿ ಹುಟ್ಟಿತೆಂದು ಹಲವರು ಹೇಳುವರು. ಆದರೆ ತಮಿಳು ಸೀಮೆಯಲ್ಲಿ ಕೊಲು ಎಂದೂ ತೆಲುಗು ಸೀಮೆಯಲ್ಲಿ ಬೊಮ್ಮಲ ಕೊಲುವು ಎಂದೂ ಇದೇ ಆಚಾರ ಬಳಕೆಯಲ್ಲಿದೆ. ಕೊಲುವು ಎಂದರೆ ಓಲಗ, ಅರಸನು ಕುಳಿತು ನಡೆಯಿಸುವ ಸಭೆ. ವಿಜಯನಗರದ ಮಹಾನವಮಿಯ ವೈಭವವನ್ನು ಪರದೇಶದ ಯಾತ್ರಿಕರು ಬರೆದಿಟ್ಟಿರುವರು. ಆ ಸಾಮ್ರಾಜ್ಯದ ತರುವಾಯ ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ನವರಾತ್ರಿಯ ಉತ್ಸವವನ್ನು ಆರಂಭಿಸಿದರು. ಅರಸನು ಒಂಬತ್ತು ದಿನ ಸಿಂಹಾಸನವೇರಿ ಓಲಗ ಕೊಡುವಾಗ, ಪ್ರಜೆಗಳ ಮನೆಯಲ್ಲಿ ರಾಜರಾಣಿಯರೆಂದು ಭಾವಿಸಿದ ಎರಡು ಮರದ ಬೊಂಬೆಗಳು ಮೇಲಿನ ಮೆಟ್ಟಿಲನ್ನೇರುವುದು ಸಹಜವಾಗಿಯೇ ಇದೆ. ಪಟ್ಟದ ಬೊಂಬೆಯೆಂಬ ಹೆಸರೇ ಇದಕ್ಕೆ ಸಾಕ್ಷಿ. ಅರಮನೆಯೂ ಈ ಆಚಾರಕ್ಕೆ ಹೊರತಾಗಿರಲಿಲ್ಲ. 1897ರ ಬೆಂಕಿಯ ತರುವಾಯ ಕಟ್ಟಿ 1912ರಲ್ಲಿ ಮುಗಿಸಿದ ಈಗಿನ ಅರಮನೆಯಲ್ಲಿ ಗೊಂಬೆ ತೊಟ್ಟಿಯೆಂಬ ಅಂಕಣವೇ ಇದೆ. ಆದುದರಿಂದ ಆಚಾರವು ದಕ್ಷಿಣದೇಶಕ್ಕೆಲ್ಲ ಸಾಧಾರಣವಾದುದೆಂದೂ, ಸಿಂಹಾಸನದ ಊರಾದ ಮೈಸೂರು ಅದಕ್ಕೆ ವಿಶೇಷವಾದ ಕಳೆಯನ್ನು ಕೊಟ್ಟಿತೆಂದೂ ಎಣಿಸುವುದು ಯುಕ್ತ.

ಪಟ್ಟದ ಚರಿತ್ರೆಗೂ ಈ ಎರಡು ಊರುಗಳಿಗೂ ಹತ್ತಿರದ ನಂಟುಂಟು. ಚಿಕ್ಕದೇವರಾಜ ಒಡೆಯರು ತಮ್ಮ ತಂದೆಯ ಸದ್ಗತಿಗಾಗಿ ಗುಂಡ್ಲುಪೇಟೆಯಲ್ಲಿ ಪರವಾಸುದೇವರ ದೇವಾಲಯವನ್ನು ಕಟ್ಟಿಸಿದರು. ಚಾಮರಾಜನಗರದ ಹಿಂದಿನ ಹೆಸರು ಅರಿಕುಠಾರ. ಮುಮ್ಮಡಿ ಕೃಷ್ಣರಾಜ ಒಡೆಯರ ತಂದೆಯಾದ ಖಾಸಾ ಚಾಮರಾಜ ಒಡೆಯರು 1774ರಲ್ಲಿ ಜನಿಸಿದ್ದು ಅಲ್ಲಿಯೇ. 1776ರಲ್ಲಿ ಸಿಂಹಾಸನಕ್ಕೆ ಉತ್ತರಾಧಿಕಾರಿಯಿಲ್ಲದಿರಲು, ಹೈದರನು ರಾಜಬಂಧುಗಳ ಮಕ್ಕಳನ್ನು ಒಂದು ಹಜಾರಕ್ಕೆ ಕರೆಯಿಸಿ, ನೆಲದ ಮೇಲೆ ಹಣ್ಣು, ಮಿಠಾಯಿ, ಆಟದ ಸಾಮಾನುಗಳನ್ನು ಹರಡಿಸಿದನಂತೆ. ಉಳಿದ ಮಕ್ಕಳು ಅವುಗಳಿಗೆ ಮುಗಿಬೀಳಲು, ಅರಿಕುಠಾರದ ಮಗು ಮಾತ್ರ ಒಂದು ಹೊಳೆಯುವ ಕಠಾರಿಯನ್ನು ಕೈಗೆತ್ತಿಕೊಂಡಿತಂತೆ. ಇವನೇ ಅರಸನೆಂದು ಹೈದರನು ನಿಶ್ಚಯಿಸಿದನಂತೆ. ಇತಿಹಾಸಕಾರ ವಿಲ್ಕ್ಸನು ಈ ಕಥೆಯನ್ನು ಹೇಳಿರುವನು. ಕಠಾರಿಯನ್ನು ಹಿಡಿದ ಆ ಮಗುವಿಗೆ ಪಟ್ಟ ಬಂದಿತೇ ಹೊರತು ಅಧಿಕಾರ ಬರಲಿಲ್ಲ. 1796ರಲ್ಲಿ ಅವರು ತೀರಿಹೋದ ಮೇಲೆ ಟಿಪ್ಪು ಸುಲ್ತಾನನು ಯಾರಿಗೂ ಪಟ್ಟಕಟ್ಟಲಿಲ್ಲ. ಬರಿದಾದ ಸಿಂಹಾಸನದ ಆಸೆಯನ್ನು ಬಿಡದೆ ವರ್ಷಗಟ್ಟಲೆ ಯತ್ನಿಸಿ, 1799ರಲ್ಲಿ ಐದು ವರ್ಷದ ಬಾಲಕನನ್ನು ಅಲ್ಲಿ ಕೂರಿಸುವಂತೆ ಮಾಡಿದವರು ರಾಣಿ ಲಕ್ಷ್ಮಮ್ಮಣ್ಣಿಯವರು. ಆ ಬಾಲಕರೇ ಮುಮ್ಮಡಿಯವರು. ಅವರು 1818ರಲ್ಲಿ ಅರಿಕುಠಾರಕ್ಕೆ ತಂದೆಯ ಹೆಸರನ್ನಿಟ್ಟರು. 1826ರಲ್ಲಿ ಚಾಮರಾಜೇಶ್ವರ ದೇವಾಲಯವನ್ನು ಕಟ್ಟಿಸಿದರು. ತಂದೆಯ ಹೆಸರು ಊರಿಗೂ ದೇವರಿಗೂ ಬಂದಿತು. ತಾಯಿ ಕೆಂಪನಂಜಮ್ಮಣ್ಣಿಯವರ ಹೆಸರು ಕೆಂಪನಂಜಾಂಬೆಯೆಂದು ಅಮ್ಮನವರ ಗುಡಿಯಲ್ಲಿ ನಿಂತಿತು. ಊರಿನ ಹೆಸರನ್ನು ದಿನಕ್ಕೆ ನೂರು ಸಲ ಹೇಳುವವರು ಒಳಗಿನ ಆ ಹೆಸರನ್ನು ನೆನೆಯುವುದು ವಿರಳ.

ಈ ಊರುಗಳಿಂದ ಮೈಸೂರಿಗೆ ಹೆಚ್ಚುಕಡಿಮೆ 60 ಕಿಲೋಮೀಟರು. ಎತ್ತಿನ ಗಾಡಿಯ ಕಾಲದಲ್ಲಿ ಇದು ಒಂದು ಹಗಲಿಗೆ ಮುಗಿಯುವ ದಾರಿಯಲ್ಲ. ಗಂಡಸರು ಬೇರೆ ಕೆಲಸಕ್ಕೆ ಹೋದಾಗ ಬೊಂಬೆಯೂ ಜೊತೆಯಲ್ಲಿ ಬರಬೇಕಾಗಿದ್ದಿತು. ಹೀಗೆ ಬಂದ ಬೊಂಬೆಯನ್ನು ಆರಿಸಿದವರು ಗಂಡಸರು, ಪೂಜಿಸಿದವರು ಹೆಂಗಸರು. ಮೈಸೂರಿನಿಂದ ನಂಜನಗೂಡಿಗೆ 1891ರಲ್ಲಿ ರೈಲು ಬಂದಿತು. ಅಲ್ಲಿಂದ ಚಾಮರಾಜನಗರಕ್ಕೆ ಅದು ಮುಂದುವರಿದದ್ದು 1926ರಲ್ಲಿ. ಆ ಬಳಿಕ ಹೆಂಗಸರೂ ಮಕ್ಕಳೂ ಬೆಳಗ್ಗೆ ಹೊರಟು ಅಂಗಡಿಯನ್ನು ಕಣ್ಣಾರೆ ಕಂಡು ಹಿಂದಿರುಗುವುದು ಸಾಧ್ಯವಾಯಿತು. ಗುಂಡ್ಲುಪೇಟೆಗೆ ರೈಲಿಲ್ಲ, ಆದರೆ ಮೈಸೂರಿನಿಂದ ಊಟಿಗೆ ಹೋಗುವ ಹೆದ್ದಾರಿ ಊರ ನಡುವೆಯೇ ಹಾದುಹೋಗುವುದರಿಂದ ಮೋಟಾರು ಬಸ್ಸುಗಳು ಆ ಕೊರತೆಯನ್ನು ನೀಗಿಸಿದವು. ಎರಡು ದಾರಿಗಳೂ ನಂಜನಗೂಡಿನಲ್ಲಿ ಕೂಡುವುದರಿಂದ, ಶ್ರೀಕಂಠೇಶ್ವರನಿಗೆ ಕೈಮುಗಿದು ಮುಂದೆ ಸಾಗುವುದೂ ಈ ಪಯಣದ ಅಂಗವಾಯಿತು. ರೈಲೂ ಬಸ್ಸೂ ಮಾಡಿದ ಉಪಕಾರ ದೂರವನ್ನು ಕಡಿಮೆ ಮಾಡಿದ್ದಷ್ಟೇ ಅಲ್ಲ. ಬೊಂಬೆಯನ್ನು ಆರಿಸುವ ಅಧಿಕಾರವನ್ನು ಅದನ್ನು ಕೂರಿಸುವವರ ಕೈಗೆ ಕೊಟ್ಟದ್ದು.

ಅಂಗಡಿಯಲ್ಲಿ ನಡೆಯುವ ಆಯ್ಕೆಯೂ ಒಂದು ವಿದ್ಯೆಯೇ. ಅನುಭವವುಳ್ಳ ಹಿರಿಯಳು ಮಣ್ಣಿನ ಬೊಂಬೆಯನ್ನು ಎತ್ತಿ ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿ ನೋಡುವಳು. ಚೆನ್ನಾಗಿ ಬೆಂದದ್ದಾದರೆ ಗಟ್ಟಿಯಾದ ನಾದ, ಬಿರುಕಿದ್ದರೆ ಒಡಕು ಸದ್ದು. ಬುಡವು ಅಲುಗಾಡದೆ ಕೂರುವುದೇ, ಎರಡು ಕಣ್ಣುಗಳೂ ಸಮನಾಗಿವೆಯೇ, ಬಣ್ಣವು ಕೈಗೆ ಹತ್ತುವುದೇ ಎಂದು ನೋಡುವಳು. ಮಕ್ಕಳ ಕಣ್ಣು ದಶಾವತಾರದ ಸಾಲಿನಿಂದ ಜಂಬೂಸವಾರಿಯ ಆನೆಗೆ, ಅಲ್ಲಿಂದ ವಾದ್ಯದವರಿಗೆ, ಅಲ್ಲಿಂದ ಶೆಟ್ಟಿ ಶೆಟ್ಟಮ್ಮನವರಿಗೆ ಹರಿಯುವುದು. ಈ ಶೆಟ್ಟಿ ದಂಪತಿಗಳ ಮುಂದೆ ಅಕ್ಕಿ, ಬೇಳೆ, ಬೆಲ್ಲಗಳನ್ನು ಪುಟ್ಟ ಬಟ್ಟಲುಗಳಲ್ಲಿರಿಸಿ ದಿನಸಿಯ ಮಳಿಗೆಯನ್ನು ಹೂಡುವರು. ಅಂಗಡಿಯಿಂದ ಬಂದ ಬೊಂಬೆಯೇ ಮನೆಯಲ್ಲಿ ಅಂಗಡಿಯನ್ನಿಡುವ ವಿನೋದವಿದು. ಕೈಯಲ್ಲಿರುವ ಹಣಕ್ಕೆ ಒಂದೇ ಬೊಂಬೆ ಬರುವುದಾದರೆ ಯಾವುದು ಬೇಕೆಂಬ ವಾದ ಹುಟ್ಟುವುದು. ಒಂದನ್ನು ಹಿಡಿದು ಉಳಿದುವನ್ನು ಬಿಡುವುದು ಹೇಗೆಂಬ ಪಾಠವನ್ನು ಮಕ್ಕಳು ಕಲಿಯುವುದು ಇಲ್ಲಿಯೇ.

ಮಾರುವವರ ಹಿಂದೆ ಮಾಡುವವರಿರುವರು. ಪಟ್ಟದ ಬೊಂಬೆಯ ರಕ್ತಚಂದನ ತಿರುಪತಿಯ ಕಡೆಯದು. ಕೃಷ್ಣಾತೀರದ ಕೊಂಡಪಲ್ಲಿಯಿಂದ ಹಗುರವಾದ ಮರದ ಬೊಂಬೆಗಳು ಬರುವುವು. ಕೊಪ್ಪಳ ಸೀಮೆಯ ಕಿನ್ನಾಳದಲ್ಲಿ ಚಿತ್ರಗಾರ ಮನೆತನದವರು ಮರದ ಹೊಟ್ಟನ್ನು ಹುಣಸೆಬೀಜದ ಅಂಟಿನೊಡನೆ ಕಲಸಿ ಮೆತ್ತಿ ಬೊಂಬೆಗಳಿಗೆ ರೂಪು ಕೊಡುವರು. ಬೆಂಗಳೂರಿನಿಂದ ಮೈಸೂರಿಗೆ ಬರುವ ದಾರಿಯ ಚನ್ನಪಟ್ಟಣದಲ್ಲಿ ಹಾಲೆಯ ಮರವನ್ನು ಒಣಗಿಸಿ, ತಿರುಗುವ ಯಂತ್ರಕ್ಕೆ ಸಿಕ್ಕಿಸಿ, ಉಳಿಯಿಂದ ಕಡೆದು, ಅದು ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿಯನ್ನು ಒತ್ತುವರು. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುವುದು. ಕೇದಗೆಯ ಜಾತಿಯ ಗರಿಯಿಂದ ತಿಕ್ಕಲು ಕನ್ನಡಿಯಂತೆ ಹೊಳೆಯುವುದು. ಈ ಕಸುಬಿಗೆ ಟಿಪ್ಪು ಸುಲ್ತಾನನು ಆಶ್ರಯವಿತ್ತನೆಂದೂ, ಬಾವಾಸ್ ಮಿಯಾನ್ ಎಂಬವರು ಜಪಾನಿನ ರೀತಿಯನ್ನು ಅಳವಡಿಸಿ ಬೆಳೆಸಿದರೆಂದೂ ಅಲ್ಲಿಯವರು ಹೇಳುವರು. ಅಲ್ಲಿ ಈ ಕೆಲಸವನ್ನು ಮಾಡುತ್ತ ಬಂದವರಲ್ಲಿ ಮುಸಲ್ಮಾನರು ಬಹುಮಂದಿ. ಒಡೆಯರಿಗೆ ಪಟ್ಟಕಟ್ಟದ ಸುಲ್ತಾನನ ಆಶ್ರಯದ ಕಸುಬು ಒಡೆಯರ ಹಬ್ಬದ ಮೆಟ್ಟಿಲನ್ನು ಅಲಂಕರಿಸುತ್ತಿರುವುದು, ರಾಜರ ವೈರವು ಕುಶಲಿಗಳ ಕೈಗೆ ಅಂಟಲಿಲ್ಲವೆಂಬುದಕ್ಕೆ ನಿದರ್ಶನ.

ಇಂತಹ ಆಚಾರ ನಮ್ಮ ದೇಶಕ್ಕೆ ಮಾತ್ರ ಸೇರಿದ್ದಲ್ಲ. ಜಪಾನಿನಲ್ಲಿ ಮಾರ್ಚಿ 3ನೆಯ ದಿನ ಹೆಣ್ಣುಮಕ್ಕಳ ಹಬ್ಬ. ಅಂದು ಕೆಂಪು ಬಟ್ಟೆ ಹಾಸಿದ ಮೆಟ್ಟಿಲುಗಳ ಮೇಲೆ ಚಕ್ರವರ್ತಿ ಚಕ್ರವರ್ತಿನಿಯರ ಬೊಂಬೆಗಳನ್ನೂ ಅವರ ಕೆಳಗೆ ಪರಿವಾರದವರನ್ನೂ ಕೂರಿಸುವರು. ಹಬ್ಬ ಕಳೆದ ಮೇಲೆ ತಡಮಾಡದೆ ಬೊಂಬೆಗಳನ್ನು ತೆಗೆದಿಡದಿದ್ದರೆ ಮಗಳ ಮದುವೆ ತಡವಾದೀತೆಂದು ಅಲ್ಲಿಯ ತಾಯಂದಿರ ಅಂಜಿಕೆ. ಕ್ರೈಸ್ತರಲ್ಲಿ ಕ್ರಿಸ್‌ಮಸ್ಸಿನ ಕಾಲಕ್ಕೆ ಯೇಸುವಿನ ಜನನವನ್ನು ತೋರಿಸುವ ಗೋದಲಿಯನ್ನು ಕಟ್ಟುವರು. ಇಟಲಿಯ ಗ್ರೆಚ್ಚೋ ಎಂಬ ಊರಿನಲ್ಲಿ 1223ರಲ್ಲಿ ಸಂತ ಫ್ರಾನ್ಸಿಸನು ಕೊಟ್ಟಿಗೆಯ ದೃಶ್ಯವನ್ನು ಏರ್ಪಡಿಸಿದ್ದರಿಂದ ಈ ಪದ್ಧತಿ ಹಬ್ಬಿತೆನ್ನುವರು. ಕ್ರಿಸ್‌ಮಸ್ ಮರಕ್ಕೆ ತೂಗುಹಾಕುವ ಗಾಜಿನ ಗುಂಡುಗಳು ಹೆಸರಾದದ್ದು ಜರ್ಮನಿಯ ಲೌಷಾ ಎಂಬ ಊರಿನಿಂದ. 1597ರಿಂದ ಗಾಜಿನ ಕೆಲಸ ನಡೆದಿದ್ದ ಆ ಮಲೆಯ ಊರಿನ ಮನೆಗಳಲ್ಲಿ ಊದಿ ಮಾಡಿದ ಅಲಂಕಾರಗಳನ್ನು 1880ರ ಸುಮಾರಿಗೆ ವುಲ್ವರ್ತ್ ಎಂಬ ಅಮೆರಿಕದ ವರ್ತಕನು ತರಿಸಿ ಮಾರತೊಡಗಿದನು. ವರ್ಷಕ್ಕೊಮ್ಮೆ ಮನೆಮಂದಿಯೆಲ್ಲ ಇಂತಹ ಅಂಗಡಿಗೆ ಹೋಗಿ, ಒಬ್ಬೊಬ್ಬ ಮಗುವಿಗೆ ಒಂದೊಂದು ಅಲಂಕಾರವನ್ನು ಆರಿಸಿ, ಮಕ್ಕಳು ಬೇರೆ ಮನೆ ಹೂಡುವಾಗ ಅವುಗಳನ್ನು ಕಟ್ಟಿಕೊಡುವ ವಾಡಿಕೆ ಅಲ್ಲಿಯ ಎಷ್ಟೋ ಸಂಸಾರಗಳಲ್ಲಿದೆ. ದೇವರು ಬೇರೆ, ಋತು ಬೇರೆ. ವರ್ಷವನ್ನು ಒಂದು ಪುಟ್ಟ ವಸ್ತುವಿನಲ್ಲಿ ಹಿಡಿದಿಡಬೇಕೆಂಬ ಬಯಕೆ ಮಾತ್ರ ಒಂದೇ.

ಹೀಗೆ ವರ್ಷಕ್ಕೊಂದರಂತೆ ಸೇರಿದ ಬೊಂಬೆಗಳ ಸಾಲು ಕಾಲಾನುಕ್ರಮದ ಬಖೈರೇ ಆಗಿಬಿಡುವುದು. ಜರ್ಮನಿ ಜಪಾನುಗಳ ಪಿಂಗಾಣಿಯ ಬೊಂಬೆ ಮಹಾಯುದ್ಧಗಳಿಗೆ ಹಿಂದಿನ ಪೇಟೆಯನ್ನು ಹೇಳುವುದು. ಕೋಲು ಹಿಡಿದ ಗಾಂಧೀಜಿ ಸ್ವಾತಂತ್ರ್ಯದ ಕಾಲವನ್ನು. ಪ್ಲಾಸ್ಟಿಕ್ಕಿನ ಬೊಂಬೆ ಅದಕ್ಕೂ ಈಚಿನದನ್ನು. 1947ರಲ್ಲಿ ಮೈಸೂರು ಸಂಸ್ಥಾನವು ಭಾರತದೊಡನೆ ಕೂಡಿತು. 1956ರಲ್ಲಿ ಕನ್ನಡನಾಡು ಒಂದಾಯಿತು. 1971ರಲ್ಲಿ ರಾಜಧನ ರದ್ದಾಯಿತು. ಅಂಬಾರಿಯಲ್ಲಿ ಅರಸರಿಗೆ ಬದಲಾಗಿ ಚಾಮುಂಡೇಶ್ವರಿಯ ಮೂರ್ತಿ ಕುಳಿತಳು, ದಸರೆ ನಾಡಹಬ್ಬವಾಯಿತು. 1997ರಲ್ಲಿ ಚಾಮರಾಜನಗರವು ಮೈಸೂರಿನಿಂದ ಬೇರೆಯಾದ ಜಿಲ್ಲೆಯೂ ಆಯಿತು. ಇಷ್ಟಾದರೂ ಮನೆಯ ಮೇಲಿನ ಮೆಟ್ಟಿಲಲ್ಲಿ ಪಟ್ಟದ ಜೋಡಿ ಕದಲಲಿಲ್ಲ. ಆ ಜೋಡಿಯು ಅರಸರ ಪ್ರತಿಮೆ ಮಾತ್ರವೇ ಆಗಿದ್ದಿದ್ದರೆ ಅರಸೊತ್ತಿಗೆಯೊಡನೆ ಅದೂ ಇಳಿಯಬೇಕಾಗಿದ್ದಿತು. ಇಳಿಯದಿದ್ದುದಕ್ಕೆ ಕಾರಣವೇನು?

ಕಾರಣವು ಧರ್ಮಶಾಸ್ತ್ರದ ಒಂದು ಮಾತಿನಲ್ಲಿದೆ. ಮದುವೆಯಲ್ಲಿ ತಾಯಿಯು ಮಗಳಿಗೆ ಪಟ್ಟದ ಬೊಂಬೆಗಳನ್ನು ಕೊಟ್ಟು ಕಳುಹಿಸುವಳು. ವಿವಾಹಕಾಲದಲ್ಲಿ ಹೆಣ್ಣಿಗೆ ತವರಿನಿಂದ ಬಂದುದು ಸ್ತ್ರೀಧನ. ಅದು ತಾಯಿಯಿಂದ ಹೆಣ್ಣುಮಕ್ಕಳಿಗೆ ಸಲ್ಲತಕ್ಕುದೆಂದು ಸ್ಮೃತಿಕಾರರ ಅಭಿಪ್ರಾಯ. ಅಣ್ಣತಮ್ಮಂದಿರು ಹೊಲ, ಮನೆ, ತೋಟ, ಪಾತ್ರೆಗಳನ್ನು ಪಾಲುಮಾಡಿಕೊಳ್ಳುವಾಗ ಪಾಲುಪತ್ರದಲ್ಲಿ ಬೊಂಬೆಯ ಪೆಟ್ಟಿಗೆಯ ಹೆಸರು ಬರುವುದಿಲ್ಲ. ನಮ್ಮ ಮನೆತನಗಳ ವಂಶವೃಕ್ಷಗಳಲ್ಲಿ ತಂದೆ, ತಾತ, ಮುತ್ತಾತಂದಿರ ಹೆಸರುಗಳಿರುವುವು. ಶ್ರಾದ್ಧದ ಸಂಕಲ್ಪದಲ್ಲಿ ತಾಯಿಯ ಕಡೆಯವರನ್ನು ನೆನೆದರೂ ಮೂರು ತಲೆಯಾಚೆಗೆ ಅವರ ಹೆಸರು ಬಲ್ಲವರಿಲ್ಲ. ಆದರೆ ಬಣ್ಣ ಮಾಸಿದ ಒಂದು ರಕ್ತಚಂದನದ ಜೋಡಿಯನ್ನು ತೋರಿಸಿ, ಇದು ನಮ್ಮಮ್ಮನಿಗೆ ಅವರಮ್ಮ ಕೊಟ್ಟದ್ದು, ಅವರಿಗೆ ಅವರಮ್ಮ ತೆರಕಣಾಂಬಿಯಿಂದ ತಂದದ್ದು ಎಂದು ಹೇಳಬಲ್ಲ ಅಜ್ಜಿಯರು ಈಗಲೂ ಇರುವರು. ಮನೆಯ ವಂಶಾವಳಿ ಗಂಡಸರದಾದರೆ ಬೊಂಬೆಯ ವಂಶಾವಳಿ ಹೆಂಗಸರದು. ಅದು ಹಳ್ಳಿಯಿಂದ ಹಳ್ಳಿಗೆ, ಗೋತ್ರದಿಂದ ಗೋತ್ರಕ್ಕೆ ದಾಟುತ್ತ ಹೋಗುವ ವಂಶ. ಪಟ್ಟವೇರಿ ಕುಳಿತಿರುವವರು ಯಾವ ಊರಿನ ಅರಸರೂ ಅಲ್ಲ, ಹೆಸರುಳಿಯದ ತಾಯಂದಿರು. ಅಂಗಡಿಗೆ ಹೋಗಿ ತಂದ ಹೊಸ ಬೊಂಬೆ ಆ ಹಳೆಯ ಜೋಡಿಗೆ ಈ ವರ್ಷದ ಗೃಹಿಣಿಯು ಸಲ್ಲಿಸುವ ಕಾಣಿಕೆ.

ಈಗ ಮೈಸೂರಿನಲ್ಲಿ ದಸರೆಗೆ ಮೊದಲು ನಾನಾ ರಾಜ್ಯಗಳ ಬೊಂಬೆಗಳನ್ನು ಒಂದೇ ಸೂರಿನಡಿ ಕೂಡಿಸಿ ಮಾರುವ ಮಳಿಗೆಗಳಿವೆ. ಪೂರ್ಣ ಕಥಾಪ್ರಸಂಗಗಳೇ ಒಂದು ಪೆಟ್ಟಿಗೆಯಲ್ಲಿ ದೊರೆಯುವುವು. ಮನೆಯಲ್ಲಿ ಕುಳಿತೇ ತರಿಸಿಕೊಳ್ಳುವ ಸೌಕರ್ಯವೂ ಉಂಟು. ಬೊಂಬೆಗಳಿಗೆ ಕೊರತೆಯಿಲ್ಲ, ಕೊಳ್ಳುವವರಿಗೂ ಕೊರತೆಯಿಲ್ಲ. ಕೊರತೆ ಬೇರೆ ಕಡೆಯಲ್ಲಿದೆ. ಒಂದೇ ಸಲಕ್ಕೆ ಐವತ್ತು ಬೊಂಬೆಗಳನ್ನು ಕೊಂಡ ಮನೆಯಲ್ಲಿ ಐವತ್ತು ವರ್ಷಗಳ ಕಥೆಯಿರುವುದಿಲ್ಲ. ದೂರದ ನಗರಗಳಿಗೆ ಹೋಗಿ ನೆಲೆಸಿದ ಹೆಣ್ಣುಮಕ್ಕಳ ಇಕ್ಕಟ್ಟಾದ ಮನೆಗಳಲ್ಲಿ ಒಂಬತ್ತು ಮೆಟ್ಟಿಲಿಗೆ ಎಡೆಯಿಲ್ಲದೆ, ತವರಿನ ಅಟ್ಟದ ಮೇಲೆ ಬೇವಿನೆಲೆಯೊಡನೆ ಹಳೆಯ ಪಂಚೆಯಲ್ಲಿ ಸುತ್ತಿದ ಬೊಂಬೆಗಳು ಹಾಗೆಯೇ ಉಳಿದಿರುವುವು. ಅವುಗಳ ಕಥೆಯನ್ನು ಬಲ್ಲ ಅಜ್ಜಿಯು ತೀರಿಹೋದ ದಿನ, ಬೊಂಬೆಯುಳಿದರೂ ಚರಿತ್ರೆಯುಳಿಯದು.

ಇದಕ್ಕೆ ದೊಡ್ಡ ಹಣವಾಗಲಿ ಸಂಸ್ಥೆಯಾಗಲಿ ಬೇಕಿಲ್ಲ. ಈ ಬಾರಿ ಬೊಂಬೆಗಳನ್ನು ಕೆಳಗಿಳಿಸಿದಾಗ, ಒಂದೊಂದರ ಬುಡದಲ್ಲಿಯೂ ಅದು ಬಂದ ವರ್ಷ, ತಂದವರ ಹೆಸರು, ಅವರ ತವರೂರು ಇಷ್ಟನ್ನು ಹಿರಿಯಳಿಂದ ಕೇಳಿ ಮನೆಯ ಮಕ್ಕಳು ಬರೆದಿಡಲಿ. ಜಿಲ್ಲೆಯ ಸಾಹಿತ್ಯ ಸಂಘಗಳು ಶಾಸನಗಳ ಪ್ರತಿ ತೆಗೆಯುವಂತೆ ಈ ಪಟ್ಟಿಗಳ ಪ್ರತಿಯನ್ನೂ ತೆಗೆದಿಡಬಹುದು. ಮೂರು ತಲೆಗಳ ಹೆಂಗಸರ ಹೆಸರು, ಅವರು ಬಂದ ಊರು, ಅವರು ಮೆಚ್ಚಿ ಆರಿಸಿದ ವಸ್ತು, ಇವು ಇನ್ನಾವ ದಾಖಲೆಯಿಂದಲೂ ನಮಗೆ ದೊರೆಯಲಾರವು. ಸಣ್ಣ ಮನೆಯವಳು ಒಂಬತ್ತು ಮೆಟ್ಟಿಲನ್ನು ಕಟ್ಟಲಾರದಿದ್ದರೆ ಮೂರೇ ಸಾಕು. ಮೂರಕ್ಕೂ ಎಡೆಯಿಲ್ಲದಿದ್ದರೆ ಒಂದು ಮಣೆಯ ಮೇಲೆ ಪಟ್ಟದ ಜೋಡಿಯೂ ಅದರ ಪಕ್ಕದಲ್ಲಿ ಆ ವರ್ಷದ ಒಂದು ಹೊಸ ಬೊಂಬೆಯೂ ಸಾಕು. ಅದನ್ನು ತರಲು ಮಾತ್ರ ಮಗಳನ್ನು ಕೈಹಿಡಿದು ಅಂಗಡಿಗೆ ಕರೆದೊಯ್ದು, ಆರಿಸುವ ಕೆಲಸವನ್ನು ಅವಳಿಗೇ ಬಿಡುವುದು ಲೇಸು.